ಒಂಬತ್ತನೆಯ ಪ್ರಶ್ನೆ

ಕೆಳಸಾಲು, ನೆದರ್ ವಿಕ್ಕಂ
ಮೇ 3, 1987

ಪ್ರೀತಿಯ ಹಿಲ್ಡಾ ದೊಡ್ಡಮ್ಮನಿಗೆ,

ಬರೆಯುವ ಹೊತ್ತಿನಲ್ಲಿ ನೀವು ಫೋನ್ ಎತ್ತುವುದಿಲ್ಲವೆಂದು ಅಮ್ಮ ಹೇಳಿದಳು. ಬರೆಯುವ ಹೊತ್ತು ಯಾವುದು ಎಂದು ಕೇಳಿದರೆ "ಎಲ್ಲಾ ಹೊತ್ತೂ" ಎಂದಳು. ಹಾಗಾಗಿ ಈ ಕಾಗದ.

ಕಳೆದ ತಿಂಗಳು ಇಪ್ಪತ್ತೊಂದರ ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೊರಟವಳು ಹತ್ತೇ ನಿಮಿಷಕ್ಕೆ ವಾಪಸ್ ಬಂದಳು. ಸೇಬಿನ ತೋಟದ ಗೇಟಿಗೆ ಸರಪಳಿ ಬಿದ್ದಿದೆ. ಪಕ್ಕದಲ್ಲಿ ಹೊಸ ಹಲಗೆ: ಖಾಸಗಿ, ಹಾದುಹೋಗುವಂತಿಲ್ಲ. ಕರ್ನಲ್ ಬೆಡ್‌ವೆಲ್ ತೀರಿಕೊಂಡು ಎರಡು ವರ್ಷವಾಯಿತಲ್ಲ, ಈಗ ದೊಡ್ಡ ಮನೆಯೂ ತೋಟವೂ ಅವರ ಸೋದರಳಿಯ ಆಂಥನಿಯ ಕೈಗೆ ಬಂದಿದೆ. ಅವನಿಗೆ ಕುದುರೆಗಳಿವೆಯಂತೆ. ಕುದುರೆಗಳಿಗೆ ಜನರನ್ನು ಕಂಡರೆ ಗಾಬರಿಯಂತೆ.

ನೀವು ಹುಟ್ಟಿದ್ದು ಈ ಮನೆಸಾಲಿನಲ್ಲೇ. ಆ ಕಾಲುದಾರಿ ಇಲ್ಲದಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ತೋಟದ ಮೂಲಕ ಬಸ್ಸಿಗೆ ಹತ್ತು ನಿಮಿಷ. ರಸ್ತೆ ಸುತ್ತಿ ಹೋದರೆ ನಲವತ್ತು. ಅಲ್ಲಿ ಎರಡೂ ಕಡೆ ಎದೆಮಟ್ಟದ ಬೇಲಿ, ನಿಲ್ಲಲು ಗೇಣು ಜಾಗವಿಲ್ಲ, ಎದುರಿಗೆ ಕಲ್ಲುಗಣಿಯ ಲಾರಿಗಳು. ಅಮ್ಮನಿಗೆ ಐವತ್ತೊಂದು. ಆರೂ ನಲವತ್ತರ ಬಸ್ಸು ತಪ್ಪಿದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಆ ದಿನ ಹೋದಂತೆಯೇ ಇಲ್ಲ. ಈಗ ಅವಳು ಐದೂಮುಕ್ಕಾಲಿಗೇ ಮನೆ ಬಿಡುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಬೂದಿಯ ಬಕೆಟ್ಟು ತುಂಬಿ ಹಿತ್ತಿಲ ಬಾಗಿಲಲ್ಲಿ ಕೂತಿದೆ, ಅದನ್ನು ಎಲ್ಲಿ ಸುರಿಯಬೇಕೆಂದೂ ಅವಳಿಗೆ ತಿಳಿಯದಂತಾಗಿದೆ.

ನಾನು ಸುಮ್ಮನಿಲ್ಲ. ಪೇಟೆಯ ಸಂತೆಯಲ್ಲಿ ಕಿರುಪುಸ್ತಕ ಮಾರುವ ಮುದುಕನಿಂದ 'ನೆಲ ಯಾರದು?' ಎಂಬುದನ್ನು ತಂದು ಮೂರು ಸಲ ಓದಿದ್ದೇನೆ. ಜನ ಇಪ್ಪತ್ತು ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕಿನಿಂದ ನಡೆದ ದಾರಿ ಊರಿನ ದಾರಿಯಾಗುತ್ತದೆ. ಯಾವ ಆಂಥನಿಯೂ ಅದಕ್ಕೆ ಬೀಗ ಹಾಕುವಂತಿಲ್ಲ. ನಡೆದವರು ಕೌಂಟಿ ಕಚೇರಿಯ ಅರ್ಜಿ ತುಂಬಿ ಸಾಕ್ಷಿ ಹೇಳಬೇಕು, ಅಷ್ಟೇ. ನನಗೆ ಹತ್ತೊಂಬತ್ತೇ ವಯಸ್ಸು. ಒಂದು ವರ್ಷ ಮೊದಲು ಹುಟ್ಟಿದ್ದರೆ ನಾನೊಬ್ಬಳೇ ಸಾಕಾಗುತ್ತಿದ್ದೆ ಎಂದು ನೆನೆದರೆ ಮೈ ಉರಿಯುತ್ತದೆ.

ಗುರುವಾರ ಲೈಬ್ರರಿ ವ್ಯಾನ್ ಬಂದಾಗ ಅರ್ಜಿಗಳನ್ನು ಹಿಡಿದು ಪುಸ್ತಕಕ್ಕೆ ಕಾದವರ ಪಕ್ಕ ನಿಂತೆ. ಎಲ್ಲರ ಕೈಯಲ್ಲೂ ನಿಮ್ಮ ಪುಸ್ತಕ. ಮಿಸೆಸ್ ಕೋಪ್ ಕಿವಿ ಮುಚ್ಚಿಕೊಂಡು ಕೂಗುತ್ತಿದ್ದರು.

"ಯಾರು ಕೊಂದಿದ್ದು ಅಂತ ಹೇಳ್ಬೇಡ ಕಣೇ ಪೆಗ್, ನಂಗಿನ್ನೂ ನಾಲ್ಕು ಅಧ್ಯಾಯ ಇದೆ!"

"ನಾನೆಲ್ಲಿ ಹೇಳ್ದೆ? ಶೆರಿ ಬಾಟ್ಲಿ ಮೇಲೆ ಒಂದು ಕಣ್ಣಿಟ್ಟಿರು ಅಂದೆ, ಅಷ್ಟೇಪ್ಪ."

"ಗೇಟಿಗೆ ಸರಪಳಿ ಹಾಕಿದ್ದು ಯಾರು ಅಂತ ಯಾರಾದ್ರೂ ಪತ್ತೆ ಮಾಡ್ತೀರಾ?" ಎಂದೆ ನಾನು.

ಮಿಸೆಸ್ ಕೋಪ್ ಕನಿಕರದಿಂದ ನನ್ನ ತೋಳು ತಟ್ಟಿದರು. "ಅದು ಗೊತ್ತಿರೋದೇ ಅಲ್ವಾ ಪುಟ್ಟಿ, ಆಂಥನಿ. ಅದರಲ್ಲಿ ಕುತೂಹಲ ಏನಿದೆ?"

ನೀವೇ ಹೇಳಿ, ಇಂಥವರನ್ನು ಕಟ್ಟಿಕೊಂಡು ನಾನೇನು ಮಾಡಲಿ? ಅರ್ಜಿಯೊಂದನ್ನು ಇದರ ಜೊತೆ ಇಟ್ಟಿದ್ದೇನೆ. ನೀವು ದಿನಚರಿ ಬರೆಯುವವರು, ನಡೆದ ದಿನಗಳೆಲ್ಲ ತಾರೀಖಿನ ಸಮೇತ ನಿಮ್ಮಲ್ಲಿರುತ್ತವೆ. ಆ ದಾರಿಯ ಮೇಲೆ ನಿಮ್ಮ ಕಾದಂಬರಿಗಳಲ್ಲಿ ಆರು ಜನರನ್ನು ಕೊಂದಿದ್ದೀರಿ, ನಾನು ಎಣಿಸಿದ್ದೇನೆ. ಬದುಕಿರುವ ಒಬ್ಬಳಿಗಾಗಿ ಒಂದು ಸಹಿ ಹಾಕಿ.

ನಿಮ್ಮ,
ಡೆನೀಸ್

◆

ಸಮುದ್ರದಂಡೆಯಿಂದ
ಮೇ 14, 1987

ಡೆನೀಸ್,

ಏಳು ಜನ. ಎರಡನೆಯ ಪುಸ್ತಕದ ಅಂಚೆಯವನನ್ನು ನೀನು ಬಿಟ್ಟಿದ್ದೀಯ. ಅವನು ಗೇಟಿನ ಬಳಿ ಬಿದ್ದದ್ದು, ಸತ್ತದ್ದು ಆಸ್ಪತ್ರೆಯಲ್ಲಿ. ಆದರೂ ಲೆಕ್ಕಕ್ಕೆ ಬರುತ್ತಾನೆ.

ನಿನ್ನ ಅಮ್ಮ ಮೇವಿಸ್ ಆ ರಸ್ತೆಯಲ್ಲಿ ನಡೆಯುತ್ತಿರುವುದು ಕೇಳಿ ನನಗೆ ಸಂಕಟವಾಯಿತು. ಬಣ್ಣದ ಕೋಟು ಹಾಕಿಕೊಳ್ಳಲು ಹೇಳು. ಅವಳ ಬೂದುಬಣ್ಣದ ಕೋಟು ಬೇಲಿಯಲ್ಲಿ ಬೆರೆತುಹೋಗುತ್ತದೆ.

ಲೈಬ್ರರಿ ವ್ಯಾನಿನ ಮುಂದೆ ನಿಂತವರನ್ನು ಬೈಯಬೇಡ. ನನ್ನ ಓದುಗರಿಗೆ ಕೊಲೆ ಇಷ್ಟ ಎಂದು ನೀನು ತಿಳಿದಿರಬಹುದು. ಕೊಲೆ ಯಾರಿಗೂ ಇಷ್ಟವಿಲ್ಲ. ಅದಕ್ಕೇ ನಾನು ಅದನ್ನು ಮೊದಲ ಅಧ್ಯಾಯದಲ್ಲಿ ಬೇಗ ಮುಗಿಸಿ ಟೀ ಬಸಿಯುತ್ತೇನೆ. ಅವರಿಗೆ ಬೇಕಾದದ್ದು ಬೇರೆ. ಮೇಜಿನ ಮೇಲಿನ ಬಟ್ಟಲು ಎರಡಿಂಚು ಸರಿದಿದ್ದನ್ನು ನನ್ನ ಪತ್ತೇದಾರಿ ಮಿಸ್ ಹ್ಯಾರಬಿ ಗಮನಿಸುತ್ತಾಳೆ. ಕೊನೆಯ ಪುಟಕ್ಕೆ ಮುಂಚೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ತಪ್ಪು ಯಾರದೆಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾಳೆ. ಇಡೀ ಜೀವಮಾನದಲ್ಲಿ ಒಮ್ಮೆಯೂ ಹಾಗಾಗದ ಜನ ಎಷ್ಟಿದ್ದಾರೆ ಗೊತ್ತೇ? ಅವರಿಗೆ ವಾರಕ್ಕೊಂದು ಸಲ ಅದನ್ನು ನಾನು ಕೊಡುತ್ತೇನೆ. ಅದು ಅಷ್ಟೇನೂ ಕೀಳು ಕೆಲಸವಲ್ಲ.

ಅರ್ಜಿಯ ವಿಷಯ ಮುಂದೆ ನೋಡೋಣ. ಹದಿನೈದನೆಯ ಪುಸ್ತಕ ಜೂನ್ ಕೊನೆಗೆ ಕೊಡಬೇಕು.

ಹಿಲ್ಡಾ

◆

ಕೆಳಸಾಲು
ಜೂನ್ 19, 1987

ದೊಡ್ಡಮ್ಮ,

ಮುಂದೆ ನೋಡೋಣ ಎಂದಿರಿ. ಐದು ವಾರವಾಯಿತು.

ಹೋದ ವಾರ ಮಂಗಳವಾರ ಒಂದು ಲಾರಿಯ ಕನ್ನಡಿ ಅಮ್ಮನ ಚೀಲಕ್ಕೆ ತಗುಲಿತು. ಚೀಲ ಹರಿದು ಚರಂಡಿಗೆ ಬಿತ್ತು. ಅವಳೂ ಬಿದ್ದಳು. ಮೊಣಕೈಯಿಂದ ಮುಂಗೈವರೆಗೆ ಚರ್ಮ ಕಿತ್ತಿದೆ. ಮನೆಗೆ ಬಂದು ಮೊದಲು ಏನು ಮಾಡಿದಳು ಗೊತ್ತೇ? ನೆನೆದ ಲೈಬ್ರರಿ ಪುಸ್ತಕವನ್ನು ಹಾಳೆ ಹಾಳೆ ಬಿಡಿಸಿ ಒಲೆಯ ಮುಂದೆ ಒಣಗಹಾಕಿದಳು. ಅದು ನಿಮ್ಮ ಹನ್ನೊಂದನೆಯದು, ಪಾದ್ರಿಯ ಜೇನುಗೂಡಿನದು. "ಇದನ್ನ ನಾನು ಓದಿದೀನಿ, ಆದ್ರೂ ಹಾಳಾಗ್ಬಾರ್ದು" ಎಂದಳು. ನನಗೆ ಆ ಪುಸ್ತಕವನ್ನು ಒಲೆಯ ಒಳಗೇ ಹಾಕೋಣ ಅನ್ನಿಸಿತು. ಕ್ಷಮಿಸಿ. ಇಲ್ಲ, ಕ್ಷಮಿಸಬೇಡಿ.

ಶನಿವಾರ ಊರಿನ ಹಾಲ್‌ನಲ್ಲಿ ಸಭೆ ಕರೆದಿದ್ದೆ. ಮೂವತ್ತು ಜನ ಬಂದರು. ನಾನು ಎದ್ದುನಿಂತು, ಈ ನೆಲವನ್ನು ಬೇಲಿ ಹಾಕಿ ನಮ್ಮಿಂದ ಕಿತ್ತುಕೊಂಡದ್ದು ಇವತ್ತು ನಿನ್ನೆಯಲ್ಲ ಎಂದು ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಮಿಸೆಸ್ ಕೋಪ್ ಕೈ ಎತ್ತಿದರು.

"ಕಿಟಕಿ ತೆಗೀಲಾ ಪುಟ್ಟಿ? ನಿನ್ನ ಮುಖ ಕೆಂಪಾಗಿದೆ."

"ಆಂಥನಿ ಪಾಪ ಹೊಸಬ. ನಿಧಾನವಾಗಿ ಹೇಳಿದ್ರೆ ಕೇಳ್ತಾನೇನೋ," ಎಂದರು ಪೆಗ್.

ಆಮೇಲೆ ಟೀ ಬಂತು. ಟೀ ಜೊತೆ ವಾದವೂ ಬಂತು. ಯಾವುದರ ಬಗ್ಗೆ ಹೇಳಿ? ನಿಮ್ಮ ಕಾದಂಬರಿಯಲ್ಲಿ ಗೇಟು ತೋಟದ ಪೂರ್ವಕ್ಕಿದೆ, ನಿಜವಾಗಿ ಇರುವುದು ಪಶ್ಚಿಮಕ್ಕೆ. ಹಾಗಿದ್ದ ಮೇಲೆ ಕೊಲೆಗಾರನ ನೆರಳು ಅಂಚೆಯವನ ಮೇಲೆ ಬೀಳಲು ಹೇಗೆ ಸಾಧ್ಯ? ಅರ್ಧ ಗಂಟೆ ಇದೇ ನಡೆಯಿತು. ಆ ಗೇಟು ಎಲ್ಲಿದೆ, ಹೇಗೆ ತೆರೆಯುತ್ತದೆ, ಮಂಜು ಬಿದ್ದಾಗ ಎಲ್ಲಿ ಜಾರುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಅದರ ಮೇಲೆ ಸರಪಳಿ ಇದೆ ಎನ್ನುವುದು ಮಾತ್ರ ಯಾರ ನಾಲಿಗೆಗೂ ಬರಲಿಲ್ಲ. ಅಮ್ಮ ಹಿಂದಿನ ಸಾಲಿನಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಒಮ್ಮೆಯೂ ಬಾಯಿ ಬಿಡಲಿಲ್ಲ. ಕೊನೆಗೆ ಎದ್ದು ಕಪ್ಪು ತೊಳೆದಳು.

ಆದರೂ ಬಿಡಲಿಲ್ಲ. ಮನೆಮನೆಗೆ ಹೋಗಿ, ಪಕ್ಕದಲ್ಲೇ ಕೂತು ತುಂಬಿಸಿಕೊಂಡೆ. ಇಪ್ಪತ್ತಾರು ಅರ್ಜಿಗಳಾದವು! ಒಂಬತ್ತನೆಯ ಪ್ರಶ್ನೆ ಬಂದಾಗ ಎಲ್ಲರ ಪೆನ್ನೂ ಒಂದು ಗಳಿಗೆ ನಿಲ್ಲುತ್ತಿತ್ತು. 'ಈ ದಾರಿ ಬಳಸಲು ನೀವು ಯಾವಾಗಲಾದರೂ ಅನುಮತಿ ಕೇಳಿದ್ದೀರಾ, ಅಥವಾ ನಿಮಗೆ ಯಾರಾದರೂ ಅನುಮತಿ ಕೊಟ್ಟಿದ್ದಾರೆಯೇ?' ಇಲ್ಲ ಅಂತ ಹಾಕಿ, ನಮ್ಮ ದಾರಿಗೆ ನಾವ್ಯಾಕೆ ಅನುಮತಿ ಕೇಳ್ಬೇಕು ಎಂದೆ. ಹಾಕಿದರು.

ಅಮ್ಮನ ಅರ್ಜಿ ಕೊನೆಗಿರಲಿ ಎಂದು ಬಿಟ್ಟಿದ್ದೇನೆ, ಅವಳು ಮನೆಯಲ್ಲೇ ಇದ್ದಾಳಲ್ಲ. ಈಗ ಉಳಿದಿರುವುದು ನಿಮ್ಮದು. ನಿಮ್ಮ ದಿನಚರಿಗಳಿಲ್ಲದೆ ಉಳಿದದ್ದೆಲ್ಲ ಬಾಯಿಮಾತು.

ಇನ್ನೊಂದು ಹೇಳಿಬಿಡುತ್ತೇನೆ. ನಿಮ್ಮ ಹದಿನಾಲ್ಕೂ ಪುಸ್ತಕಗಳಲ್ಲಿ ಹೆಣವನ್ನು ಮೊದಲು ನೋಡುವವಳು ಕೆಲಸದವಳು. ಕಿರುಚುತ್ತಾಳೆ, ಕೈಯಲ್ಲಿದ್ದ ತಟ್ಟೆ ಬೀಳಿಸುತ್ತಾಳೆ. ಯಾರೋ ಅವಳಿಗೆ ಸಿಹಿ ಟೀ ಕೊಟ್ಟು ಅಡುಗೆಮನೆಗೆ ಕಳಿಸುತ್ತಾರೆ. ಆಮೇಲೆ ಅವಳು ಕಥೆಯಲ್ಲಿ ಇರುವುದೇ ಇಲ್ಲ. ಕೆಳಸಾಲಿನಲ್ಲಿ ಹುಟ್ಟಿದವರು ಬರೆದ ಪುಸ್ತಕ ಅದು. ನಿಮಗೆ ನಾಚಿಕೆಯಾಗುವುದಿಲ್ಲವೇ?

ಡೆನೀಸ್

◆

ಸಮುದ್ರದಂಡೆಯಿಂದ
ಜುಲೈ 1, 1987

ಡೆನೀಸ್,

ಮೇವಿಸ್ ಕೈ ಹೇಗಿದೆ? ಅವಳಿಗೂ ಬರೆದೆ. "ಚೆನ್ನಾಗಿದೆ" ಎಂಬ ಒಂದು ಪದದ ಕಾರ್ಡು ಬಂತು. ಆಚೆ ಬದಿಯಲ್ಲಿ ಬಾತುಕೋಳಿಯ ಚಿತ್ರ.

ನಾನು ಸಹಿ ಹಾಕದೆ ಇದ್ದದ್ದು ಸೋಮಾರಿತನದಿಂದಲ್ಲ. ಹಾಕಬಾರದೆಂದೇ ಹಾಕಲಿಲ್ಲ. ಕಾರಣ ಹೇಳದೆ ನುಣುಚಿಕೊಳ್ಳಬಹುದೆಂದು ನೋಡಿದೆ. ಈಗ ಆಗುವುದಿಲ್ಲ. ನೀನು ಇಪ್ಪತ್ತಾರು ಜನರಿಂದ ಒಂಬತ್ತನೆಯ ಪ್ರಶ್ನೆಗೆ ಉತ್ತರ ಬರೆಸಿದ್ದೀಯ.

ನಾನು ಸಾಲು ಬಿಡುವವರೆಗೆ ಪ್ರತಿ ಕ್ರಿಸ್‌ಮಸ್ಸಿಗೆ ಕರ್ನಲ್‌ರಿಗೆ ಒಂದು ಕಾರ್ಡು ಕಳಿಸುತ್ತಿದ್ದೆ, ಜೊತೆಗೆ ಡ್ಯಾಮ್ಸನ್ ಹಣ್ಣಿನ ಜಾಮ್ ಒಂದು ಸೀಸೆ. ಕಾರ್ಡಿನಲ್ಲಿ ಹೀಗೆ ಬರೆಯುತ್ತಿದ್ದೆ: 'ತೋಟದ ಮೂಲಕ ಹೋಗಲು ಬಿಟ್ಟಿದ್ದಕ್ಕೆ ಈ ವರ್ಷವೂ ತುಂಬಾ ಧನ್ಯವಾದ.' ಅವರಿಂದ ಮರುಟಪಾಲಿಗೇ ಉತ್ತರ ಬರುತ್ತಿತ್ತು: 'ಅದಕ್ಕೇನಂತೆ, ಯಾವಾಗ ಬೇಕಾದರೂ ಬನ್ನಿ.' ನನ್ನ ಅಮ್ಮ ಕಲಿಸಿದ ಮರ್ಯಾದೆ ಅದು. ಅದರಲ್ಲಿ ಕೇಡಿದೆಯೆಂದು ಯಾರಿಗೆ ಹೊಳೆಯಬೇಕು?

ಕಾನೂನಿನ ಕಣ್ಣಿಗೆ ಅದು ಅನುಮತಿ. ನಾನು ಹಕ್ಕಿನಿಂದ ನಡೆಯಲಿಲ್ಲ, ಅವರ ಔದಾರ್ಯದಿಂದ ನಡೆದೆ. ಐದನೆಯ ಪುಸ್ತಕಕ್ಕಾಗಿ ಇದೇ ವಿಷಯ ಒಬ್ಬ ವಕೀಲರಲ್ಲಿ ವಿಚಾರಿಸಿದ್ದೆ, ಆಮೇಲೆ ಬಳಸಲಿಲ್ಲ. ತುಂಬಾ ಒಣ ಅನ್ನಿಸಿತು.

ಇನ್ನೂ ಒಂದಿದೆ. ಕರ್ನಲ್ ಏನನ್ನೂ ಎಸೆಯುತ್ತಿರಲಿಲ್ಲ. ಒಮ್ಮೆ ಟೀಗೆ ಕರೆದಾಗ ಬೂಟಿನ ಪೆಟ್ಟಿಗೆಯೊಂದನ್ನು ತೆಗೆದು ತೋರಿಸಿದರು. ಕೆಳಸಾಲಿನಿಂದ ಬಂದ ಕಾರ್ಡುಗಳೆಲ್ಲ ವರ್ಷವಾರು ದಾರ ಕಟ್ಟಿ ಜೋಡಿಸಿಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಪ್ರೀತಿಯಿಂದ ಇಟ್ಟಿದ್ದರು ಎಂದೇ ನನ್ನ ನಂಬಿಕೆ. ಆದರೆ ಈಗ ಆ ಪೆಟ್ಟಿಗೆ ಆಂಥನಿಯ ಮನೆಯಲ್ಲಿದೆ.

ಅದರಲ್ಲಿದ್ದದ್ದು ನನ್ನ ಕಾರ್ಡುಗಳಷ್ಟೇ ಅಲ್ಲ.

ಹಿಲ್ಡಾ

◆

ಕೆಳಸಾಲು
ಜುಲೈ 26, 1987

ದೊಡ್ಡಮ್ಮ,

ನಿಮ್ಮ ಕಾಗದ ಓದಿ ಮೂರು ದಿನ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ನಾಲ್ಕನೆಯ ದಿನ ಕಿರುಪುಸ್ತಕ ತೆಗೆದು ನೋಡಿದೆ. 'ಹಕ್ಕಿನಿಂದ' ಎಂಬ ಪದದ ಕೆಳಗೆ ನಾನೇ ಎರಡು ಗೆರೆ ಎಳೆದಿದ್ದೇನೆ. ಅದರ ಅರ್ಥ ಮುಂದಿನ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿದೆ. ಸಣ್ಣ ಅಕ್ಷರಗಳನ್ನು ನಾನು ಓದಿರಲಿಲ್ಲ. ದೊಡ್ಡವು ಅಷ್ಟು ಚೆನ್ನಾಗಿದ್ದವು.

ಇಪ್ಪತ್ತಾರು ಅರ್ಜಿಗಳನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಬಾಗಿಲು ಬಾಗಿಲು ತಟ್ಟಿದೆ. ಮೊದಲು ಮಿಸೆಸ್ ಕೋಪ್.

"ನೀವು ಕರ್ನಲ್‌ಗೆ ಯಾವತ್ತಾದ್ರೂ ಥ್ಯಾಂಕ್ಸ್ ಹೇಳಿದ್ರಾ, ದಾರಿಗೆ?"

ಅವರು ಬಾಗಿಲನ್ನು ಅರ್ಧ ಮುಚ್ಚಿ ದನಿ ತಗ್ಗಿಸಿದರು. "ಪೆಗ್‌ಗೆ ಹೇಳ್ಬೇಡ. ಪ್ರತಿ ವರ್ಷ ಹಣ್ಣಿನ ಕೇಕು ಕೊಡ್ತಿದ್ದೆ. ಉಳಿದೋರಿಗೆಲ್ಲ ಆ ಬುದ್ಧಿ ಎಲ್ಲಿ ಬರುತ್ತೆ? ಯಾರಾದ್ರೂ ಒಬ್ರು ಹೇಳ್ಬೇಕಲ್ವಾ ಅಂತ."

ಪೆಗ್ ಮನೆ. "ಕೋಪ್‌ಗೆ ಹೇಳ್ಬೇಡ ಕಣೇ. ಸಾಲಲ್ಲಿ ನಾನೊಬ್ಳೇ ಥ್ಯಾಂಕ್ಸ್ ಹೇಳ್ತಿದ್ದೋಳು. ಕೈಚೀಲ ಹೆಣೆದು ಕೊಡ್ತಿದ್ದೆ."

"ಕರ್ನಲ್‌ಗೆ ಕೈಚೀಲ ಯಾಕೆ?"

"ಯಾಕೆ ಅಂದ್ರೆ? ಬೇಡ ಅಂತ ಅವ್ರೇನೂ ಹೇಳ್ಲಿಲ್ವಲ್ಲ!"

ಒಂದು ಮನೆಯಿಂದ ಇನ್ನೊಂದು ಮನೆಗೆ ಇದೇ ಕಥೆ. ಎಲ್ಲರೂ ಕೊಟ್ಟವರೇ. ಎಲ್ಲರೂ ತಾವೊಬ್ಬರೇ ಎಂದುಕೊಂಡವರೇ. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಹೇಳದೆ, ಒಬ್ಬರ ಹಿಂದೆ ಒಬ್ಬರು, ಕವರು ಹಿಡಿದು ದೊಡ್ಡ ಮನೆಯ ಮೆಟ್ಟಿಲು ಹತ್ತಿದ್ದಾರೆ. ಆಂಥನಿಯ ಸರಪಳಿ ಕಣ್ಣಿಗಾದರೂ ಕಾಣುತ್ತದೆ. ಕರ್ನಲ್ ಹಾಕಿದ್ದು ಕಾಣುತ್ತಲೇ ಇರಲಿಲ್ಲ, ಇವರೇ ಅದಕ್ಕೆ ಜಾಮ್ ಸವರುತ್ತಿದ್ದರು. ಮರ್ಯಾದೆಯಂತೆ!

ಒಂದು ಗಳಿಗೆ ನನಗೂ ಕೆಟ್ಟ ಯೋಚನೆ ಬಂತು. ಅರ್ಜಿಗಳನ್ನು ಹಾಗೇ ಕೊಟ್ಟುಬಿಟ್ಟರೆ? ಆಂಥನಿ ಆ ಪೆಟ್ಟಿಗೆ ತೆರೆದು ನೋಡದಿದ್ದರೆ? ಆದರೆ ಸುಳ್ಳಿನಿಂದ ಗೆದ್ದ ದಾರಿಯಲ್ಲಿ ನಾನು ನಡೆಯಲಾರೆ. ಅದೂ ಅಲ್ಲದೆ ಆ ಸುಳ್ಳಿಗೆ ಸಹಿ ಹಾಕಿದವರು ನಾನಲ್ಲ, ಅವರು. ಅರ್ಜಿಗಳನ್ನು ಅವರವರ ಕೈಗೇ ಹಿಂದಿರುಗಿಸಿದೆ. ಮಿಸೆಸ್ ಕೋಪ್ "ಪೆಗ್ ಕೂಡಾನಾ?" ಎಂದು ಕೇಳಿ ಕೂತುಬಿಟ್ಟರು.

ಕೌಂಟಿ ಕಚೇರಿಗೆ ಹೋಗಿ ಅಲ್ಲಿನ ಗುಮಾಸ್ತೆಯನ್ನು ಕೇಳಿದೆ. ದಣಿದ ಮುಖದ, ಒಳ್ಳೆಯ ಹೆಂಗಸು. "ಥ್ಯಾಂಕ್ಸ್ ಹೇಳಿದೋರ ನಡಿಗೆ ಲೆಕ್ಕಕ್ಕಿಲ್ಲಮ್ಮ. ಹೇಳದೇ ಇದ್ದೋರದ್ದು ಲೆಕ್ಕಕ್ಕಿದೆ. ಅಂಥೋರು ನಾಲ್ಕು ಜನ ಸಿಕ್ಕಿದ್ರೂ ಸರಿ. ಆದ್ರೆ ಅದರಲ್ಲಿ ಒಬ್ರಾದ್ರೂ ಇಪ್ಪತ್ತು ವರ್ಷ ದಿನಾ ನಡೆದಿರ್ಬೇಕು," ಎಂದಳು.

ಹಾಗಾಗಿ ಈಗ ನಾನು ಊರಿನ ಒರಟರನ್ನು ಹುಡುಕುತ್ತಿದ್ದೇನೆ. ಮೂವರು ಸಿಕ್ಕರು. ಮೊಲ ಹಿಡಿಯಲು ಫೆರೆಟ್ ಸಾಕುವ ರಾನ್ ಟ್ಯಾಪ್‌ಸ್ಕಾಟ್ ಮೊದಲನೆಯವನು. "ಥ್ಯಾಂಕ್ಸಾ? ನಾನು ನನ್ನ ಹೆಂಡ್ತಿಗೇ ಹೇಳಿಲ್ಲ," ಎಂದ. ಆದರೆ ಅವನು ನಡುವೆ ಎಂಟು ವರ್ಷ ಹಡಗಿನ ಕೆಲಸಕ್ಕೆ ಹೋಗಿದ್ದ. ಅವನ ತಮ್ಮನೂ ಜೊತೆಗೆ ಹೋಗಿದ್ದ. ಮಿಸೆಸ್ ಡಾಯ್ಲ್ ಪರ ಊರಿನವರು, ಇಲ್ಲಿ ಹಾಗೊಂದು ಪದ್ಧತಿಯಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ನಡೆದದ್ದು ಭಾನುವಾರ ಚರ್ಚಿನ ಪೂಜೆಗೆ ಮಾತ್ರ. ದಿನಾ, ಇಪ್ಪತ್ತು ವರ್ಷ, ಒಮ್ಮೆಯೂ ಥ್ಯಾಂಕ್ಸ್ ಹೇಳದೆ ನಡೆದವರು ಬೇಕು. ಅಂಥವರು ಈ ಊರಿನಲ್ಲಿ ಹುಟ್ಟಿಲ್ಲ.

ಇನ್ನೇನೂ ಉಳಿದಿಲ್ಲ. ಅಮ್ಮ ಚಳಿಗಾಲದಲ್ಲಿ ಆ ರಸ್ತೆಯಲ್ಲಿ ಕತ್ತಲಲ್ಲೇ ನಡೆಯಬೇಕಾಗುತ್ತದೆ. ಅದು ಮಾತ್ರ ಉಳಿದಿದೆ.

ಡೆನೀಸ್

◆

ಸಮುದ್ರದಂಡೆಯಿಂದ
ಆಗಸ್ಟ್ 4, 1987

ಡೆನೀಸ್,

ನನ್ನ ಕೆಲಸದವಳು ತಟ್ಟೆ ಬೀಳಿಸಿ ಕಥೆಯಿಂದ ಹೊರಟುಹೋಗುತ್ತಾಳೆ ಎಂದು ನೀನು ಬರೆದದ್ದು ಒಂದೂವರೆ ತಿಂಗಳಿಂದ ನನ್ನ ಮೇಜಿನ ಮೇಲಿದೆ. ಸರಿಯಾದ ಮಾತು. ಹದಿನಾಲ್ಕು ಸಲ ನಾನು ಅವಳನ್ನು ಏನೂ ಕೇಳದೆ ಕಳಿಸಿದ್ದೇನೆ.

ನೀನು ಇಪ್ಪತ್ತಾರು ಜನರನ್ನು ಕೇಳಿದೆ. ಆಮೇಲೆ ಒರಟರನ್ನು ಕೇಳಿದೆ. ಪಟ್ಟಿಯನ್ನು ಇನ್ನೊಮ್ಮೆ ನೋಡು.

ಮೇವಿಸ್‌ಳನ್ನು ಕೇಳಿದೆಯಾ?

ಹಿಲ್ಡಾ

◆

ಕೆಳಸಾಲು
ಆಗಸ್ಟ್ 9, 1987

ಪ್ರೀತಿಯ ದೊಡ್ಡಮ್ಮನಿಗೆ,

ಕೇಳಿರಲಿಲ್ಲ.

ಯಾಕೆ ಕೇಳಿರಲಿಲ್ಲವೆಂದು ಬರೆಯಲು ನಾಚಿಕೆಯಾಗುತ್ತದೆ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಟ್ಟರೆ ಎರಡು ಸಲ ಥ್ಯಾಂಕ್ಸ್ ಹೇಳುವವಳು ಅವಳು. ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಸೀಸೆ ಜಾಮ್ ಕೊಟ್ಟಿರುವವಳು ಅವಳೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವಳ ಅರ್ಜಿ ಖಾಲಿಯಾಗಿ ಡ್ರಾಯರಿನಲ್ಲೇ ಬಿದ್ದಿತ್ತು.

ಶುಕ್ರವಾರ ಸಂಜೆ ಅವಳು ಅಡುಗೆಮನೆಯಲ್ಲಿ ಓದುತ್ತಿದ್ದಳು. ಮಿಸ್ ಹ್ಯಾರಬಿಯದೇ ಇನ್ನೊಂದು. ಎದುರಿಗೆ ಕೂತು ಅರ್ಜಿ ಮುಂದಿಟ್ಟೆ. ಮೊದಲ ಎಂಟು ಪ್ರಶ್ನೆಗಳು ಬೇಗ ಮುಗಿದವು. ಹುಟ್ಟಿದಾಗಿನಿಂದ, ದಿನಾ, ಎರಡು ಸಲ, ಹೋಗುವಾಗ ಬರುವಾಗ, ನೀನು ಹುಟ್ಟಿದ ವಾರ ಬಿಟ್ಟು.

"ಒಂಬತ್ತು. ಅನುಮತಿ ಕೇಳಿದ್ಯಾ? ಕ್ರಿಸ್‌ಮಸ್ ಕಾರ್ಡು, ಜಾಮು, ಏನಾದ್ರೂ ಕೊಟ್ಟಿದ್ಯಾ?"

"ಇಲ್ಲ."

"ಅಮ್ಮ, ನಿಜ ಹೇಳು. ನಾನೇನೂ ಬೈಯಲ್ಲ. ಎಲ್ರೂ ಕೊಟ್ಟಿದಾರೆ."

"ಗೊತ್ತು. ಎಲ್ರೂ ಮೆಟ್ಟಿಲು ಹತ್ತೋದು ನಮ್ಮ ಕಿಟಕಿಯಿಂದ ಕಾಣ್ತಿತ್ತು. ನಾನು ಕೊಟ್ಟಿಲ್ಲ."

"ಒಂದು ಸಲಾನೂ?"

ಅವಳು ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದಳು. "ಆ ದಾರಿ ಯಾಕೆ ಕಪ್ಪಗಿದೆ, ಮಳೇಲೂ ಯಾಕೆ ಕೆಸರಾಗಲ್ಲ, ಯೋಚ್ನೆ ಮಾಡಿದ್ಯೇನೇ ಯಾವತ್ತಾದ್ರೂ? ನಿಮ್ಮ ತಾತ ದಿನಾ ಬೆಳಿಗ್ಗೆ ಒಲೆ ಬೂದಿ ತಗೊಂಡ್ಹೋಗಿ ಅಲ್ಲಿ ಸುರೀತಿದ್ರು. ಅವ್ರ ಅಪ್ಪನೂ ಅದನ್ನೇ ಮಾಡ್ತಿದ್ರು. ಆಮೇಲೆ ನಾನು. ನಮ್ಮ ಒಲೆ ಬೂದಿ ಮೇಲೆ ನಾನು ನಡೆಯೋಕೆ ಅವ್ರಿಗೆ ಥ್ಯಾಂಕ್ಸ್ ಯಾಕೆ ಹೇಳ್ಬೇಕು? ಹೇಳೋದಾದ್ರೆ ಅವ್ರು ಹೇಳ್ಬೇಕಿತ್ತು."

ಏಪ್ರಿಲಿನಿಂದ ಬೂದಿಯ ಬಕೆಟ್ಟು ಹಿತ್ತಿಲ ಬಾಗಿಲಲ್ಲಿದೆ. ದಿನಾ ಅದನ್ನು ದಾಟಿಕೊಂಡೇ ಜನರನ್ನು ಎಚ್ಚರಿಸಲು ಹೋಗುತ್ತಿದ್ದೆ.

"ಇದನ್ನ ಸಭೇಲಿ ಯಾಕೆ ಹೇಳ್ಲಿಲ್ಲ?"

"ಸಭೇಲಿ ನೀನು ಮಾತಾಡ್ತಿದ್ದೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ!"

"ಯಾರೂ ಕೇಳ್ಲಿಲ್ವಲ್ಲೇ." ಸಿಟ್ಟಿನಿಂದಲ್ಲ, ಹಾಲು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಆಮೇಲೆ ಪುಸ್ತಕವನ್ನು ನನ್ನ ಕಡೆ ಸ್ವಲ್ಪ ಎತ್ತಿ ತೋರಿಸಿದಳು. "ಇದರಲ್ಲಿ ನಂಗೆ ಇಷ್ಟ ಆಗೋದು ಅದೇ. ಯಾರು ಕೊಂದ್ರು ಅನ್ನೋದು ನಂಗೆ ಮೂವತ್ತನೇ ಪುಟದಲ್ಲೇ ಗೊತ್ತಾಗುತ್ತೆ, ಹಿಲ್ಡಾ ತಲೆ ಹೆಂಗೆ ಓಡುತ್ತೆ ಅಂತ ಚಿಕ್ಕೋಳಿಂದ ನೋಡಿದೀನಿ. ಆದ್ರೆ ಆ ಮಿಸ್ ಹ್ಯಾರಬಿ ಇದಾಳಲ್ಲ, ಎಲ್ರ ಮನೆಗೂ ಹೋಗ್ತಾಳೆ. ಕೂತ್ಕೊಂಡು, ನೀವು ಆವತ್ತು ಏನು ನೋಡಿದ್ರಿ ಅಂತ ಕೇಳ್ತಾಳೆ. ಹೇಳಿ ಮುಗಿಸೋವರೆಗೂ ಸುಮ್ನೆ ಇರ್ತಾಳೆ. ಎಷ್ಟು ಚೆನ್ನಾಗಿರುತ್ತೆ!"

ಆ ಪುಸ್ತಕಗಳು ಅವಳನ್ನು ಮಲಗಿಸಿಟ್ಟಿವೆ ಎಂದು ನಾನು ನಾಲ್ಕು ಜನರೆದುರು ಹೇಳಿಕೊಂಡು ತಿರುಗಿದ್ದೇನೆ. ಒಂದು ಕರಪತ್ರದಲ್ಲೂ ಬರೆದಿದ್ದೆ. ಅಚ್ಚಾಗಿಲ್ಲ, ಪುಣ್ಯ.

ಒಂಬತ್ತನೆಯದಕ್ಕೆ ಅವಳೇ ಬರೆದಳು. 'ಇಲ್ಲ' ಎಂದು ಬರೆದು, ಸಾಲದೆಂದು ಪಕ್ಕದ ಅಂಚಿನಲ್ಲಿ ಬೂದಿಯ ವಿಷಯವನ್ನೂ ಬರೆದಳು. ಜಾಗ ಸಾಲದೆ ಕಾಗದವನ್ನು ಅಡ್ಡ ತಿರುಗಿಸಿಕೊಂಡಳು. ನಾನು ಒಂದಕ್ಷರವನ್ನೂ ಹೇಳಿಕೊಡಲಿಲ್ಲ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ!

ನಾಲ್ಕೂ ಅರ್ಜಿಗಳನ್ನು ನಾಳೆ ನಾನೇ ಹೋಗಿ ಕೊಟ್ಟುಬರುತ್ತೇನೆ.

ನಿಮ್ಮ,
ಡೆನೀಸ್

◆

ಸಮುದ್ರದಂಡೆಯಿಂದ
ಸೆಪ್ಟೆಂಬರ್ 2, 1987

ಪ್ರೀತಿಯ ಡೆನೀಸ್,

ಮೂವತ್ತನೆಯ ಪುಟವೇ? ಅವಳಿಗೆ ಹೇಳು, ನನಗೆ ಊಟ ಸೇರುತ್ತಿಲ್ಲವೆಂದು.

ಅಪ್ಪ ಬೂದಿ ಒಯ್ಯುತ್ತಿದ್ದದ್ದು ನನಗೂ ನೆನಪಿದೆ. ನಾನು ಅವರ ಹಿಂದೆಯೇ ನಡೆಯುತ್ತಿದ್ದೆ, ಬೂಟಿಗೆ ಅಂಟುತ್ತದೆಂದು ಗೊಣಗುತ್ತ. ಹದಿನಾಲ್ಕು ಪುಸ್ತಕಗಳಲ್ಲಿ ಆ ದಾರಿಯನ್ನು ಇಪ್ಪತ್ತು ಥರ ವರ್ಣಿಸಿದ್ದೇನೆ. ಅದು ಕಪ್ಪು ಎಂದು ಒಂದು ಕಡೆಯೂ ಬರೆದಿಲ್ಲ, ಈಗ ಹುಡುಕಿ ನೋಡಿದೆ.

ಹದಿನೈದನೆಯದನ್ನು ಪ್ರಕಾಶಕರಿಂದ ವಾಪಸ್ ತರಿಸಿಕೊಂಡಿದ್ದೇನೆ. ಅವರಿಗೆ ಸಿಟ್ಟು ಬಂದಿದೆ. ನಾಲ್ಕನೆಯ ಅಧ್ಯಾಯದಲ್ಲಿ ಮಿಸ್ ಹ್ಯಾರಬಿ ಅಡುಗೆಮನೆಗೆ ಹೋಗಿ ಕೂರಬೇಕು. ಎಷ್ಟು ಹೊತ್ತು ಕೂರುತ್ತಾಳೋ ನನಗೂ ಗೊತ್ತಿಲ್ಲ.

ಹಿಲ್ಡಾ

◆

ಕೆಳಸಾಲು
ನವೆಂಬರ್ 15, 1987

ಪ್ರೀತಿಯ ದೊಡ್ಡಮ್ಮನಿಗೆ,

ಕೌಂಟಿ ಕಚೇರಿಯಿಂದ ಉತ್ತರ ಬಂತು. ನಮ್ಮ ಅರ್ಜಿಯನ್ನು ಸ್ವೀಕರಿಸಿದ್ದಾರೆ. ಸರದಿಯಲ್ಲಿ ನಮ್ಮದು ಮೂವತ್ತೆಂಟನೆಯದು. ಸುಮಾರು ಮೂರು ವರ್ಷ ಹಿಡಿಯಬಹುದಂತೆ. ಮೂರು ವರ್ಷ! ಒಂದು ಸರಪಳಿ ಹಾಕಲು ಒಬ್ಬನಿಗೆ ಒಂದು ಬೆಳಿಗ್ಗೆ ಸಾಕು, ಬಿಚ್ಚಲು ಸರ್ಕಾರಕ್ಕೆ ಮೂರು ವರ್ಷ ಬೇಕು. ನಾನು ಕಾಗದವನ್ನು ಗೋಡೆಗೆಸೆದೆ. ಅಮ್ಮ ಎತ್ತಿ, ಸುಕ್ಕು ಬಿಡಿಸಿ, ಗಡಿಯಾರದ ಹಿಂದಿಟ್ಟಳು. ಅವಳೀಗ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ರಸ್ತೆಯಲ್ಲಿ ನಡೆಯುತ್ತಾಳೆ. ನಾನು ಜೊತೆಗೇ ಹೋಗುತ್ತೇನೆ, ಲಾರಿಯ ಕಡೆ ನಾನು, ಬೇಲಿಯ ಕಡೆ ಅವಳು.

ಆದರೆ ಇವತ್ತು ಬೆಳಿಗ್ಗೆ ನಡೆದದ್ದನ್ನು ನಿಮಗೆ ಬರೆಯಲೇಬೇಕು. ಭಾನುವಾರ, ಅವಳಿಗೆ ಕೆಲಸವಿಲ್ಲ. ಎಂಟು ಗಂಟೆಗೆ ಬೂದಿಯ ಬಕೆಟ್ಟು ಎತ್ತಿಕೊಂಡು ಗೇಟಿನತ್ತ ಹೊರಟಳು. ನಾನು ಹಿಂದೆ ಓಡಿದೆ. ಗೇಟಿನ ಈಚೆ ಅರ್ಧ ಸುರಿದಳು. ಆಮೇಲೆ ಬಕೆಟ್ಟನ್ನು ಗೇಟಿನ ಮೇಲಿಟ್ಟು, ನನ್ನ ಭುಜ ಹಿಡಿದು, ಸ್ಕರ್ಟು ಎತ್ತಿಕೊಂಡು ಆಚೆಗೆ ಹತ್ತಿಳಿದಳು. ನಾನೂ ಇಳಿದೆ. ಅವಳು ಸುರಿಯುತ್ತ ಹೋದಳು, ನಾನು ಕಾಲಿನಿಂದ ಹರಡುತ್ತ ಹೋದೆ. ಹುಲ್ಲಿನ ಕೆಳಗೆ ಹಳೆಯ ಕಪ್ಪು ಇನ್ನೂ ಹಾಗೇ ಇದೆ.

ತೋಟದ ನಡುವೆ ಆಂಥನಿ ಸಿಕ್ಕ. ಕುದುರೆಯ ಮೇಲಿದ್ದ. ಕುದುರೆಗೇನೂ ಗಾಬರಿಯಾಗಲಿಲ್ಲ.

"ಏನ್ರಿ ಮಾಡ್ತಿದೀರಿ ಇಲ್ಲಿ?"

"ದಾರಿ ರಿಪೇರಿ," ಎಂದಳು ಅಮ್ಮ.

ನಾನು ಬಾಯಿ ತೆರೆದೆ. ನನ್ನ ತಲೆಯಲ್ಲಿ ಇಡೀ ಕಿರುಪುಸ್ತಕ ಸಿದ್ಧವಾಗಿತ್ತು. ಮುಚ್ಚಿಕೊಂಡೆ.

"ನೀವು ಯಾರನ್ನಾದ್ರೂ ಕೇಳಿದೀರಾ?" ಎಂದ ಆಂಥನಿ. "ಇಲ್ಲಿಗೆ ಬರೋಕೆ ಅನುಮತಿ ಕೇಳಿದೀರಾ?"

ಅಮ್ಮ ಬಕೆಟ್ಟು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ.

"ಇಲ್ಲ," ಎಂದಳು. "ಬರ್ಕೊಳಿ. ತಾರೀಖೂ ಹಾಕಿ."

ನಿಮ್ಮ,
ಡೆನೀಸ್